ಕನ್ನಡ ಮಾತ್ರ ಬಲ್ಲ ಆನೆ ಟೋಕಿಯೋಗೆ ಹೋದ ಕತೆ

ಯುದ್ಧದಲ್ಲಿ ಸೋತು, ಸುಟ್ಟು ಬೂದಿಯಾದ ದೇಶವೊಂದಕ್ಕೆ ಇತರ ದೇಶಗಳು ನೀಡುವ ನೆರವು ಸಾಮಾನ್ಯವಾಗಿ ಗೋಧಿ, ಔಷಧಿ, ಯಂತ್ರ, ಸಾಲ ಇಂಥವುಗಳ ರೂಪದಲ್ಲಿರುತ್ತದೆ. ಲೆಕ್ಕಪತ್ರಗಳಲ್ಲಿ ಅದು ಕೋಟಿಗಳಾಗಿ ಕಾಣಿಸುತ್ತದೆ. ಸ್ವಾತಂತ್ರ್ಯ ಬಂದು ಎರಡೇ ವರ್ಷವಾಗಿದ್ದ ನಮ್ಮ ದೇಶದ ಬಳಿ 1949ರಲ್ಲಿ ಹಾಗೆ ಕೊಡಲು ಕೋಟಿಗಳಿರಲಿಲ್ಲ. ಆ ವರ್ಷ ಭಾರತವು ಜಪಾನಿಗೆ ಕಳುಹಿಸಿದ್ದು ಒಂದು ಆನೆಯನ್ನು. ಮೈಸೂರು ಸೀಮೆಯ, ಹದಿನೈದು ವರ್ಷ ಪ್ರಾಯದ ಹೆಣ್ಣಾನೆ. ಹೆಸರು ಇಂದಿರಾ. ಅದಕ್ಕೆ ತಿಳಿಯುತ್ತಿದ್ದ ಮಾತು ಕನ್ನಡ ಒಂದೇ.

ಜಪಾನಿನಲ್ಲಿ ಈ ಆನೆಯ ಹೆಸರು ಕೇಳಿದರೆ ಇಂದಿಗೂ ಹಿರಿಯರ ಮುಖ ಅರಳುತ್ತದೆಯಂತೆ. ಆದರೆ ಅದಕ್ಕೆ ಮಾತು ಕಲಿಸಿದ ಕನ್ನಡಿಗರಾದ ನಮ್ಮಲ್ಲಿ ಎಷ್ಟು ಮಂದಿಗೆ ಈ ಸಂಗತಿ ತಿಳಿದಿದೆ? ಪುತ್ತಿಗೆ, ಸೀತಾಂಗೋಳಿ, ಅಂಗಡಿಮೊಗರು ಕಡೆಯ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಆನೆಯ ಕತೆಗಳಿಗೆ ಕೊರತೆಯಿಲ್ಲ. ಗಜೇಂದ್ರ ಮೋಕ್ಷದಿಂದ ಹಿಡಿದು ದಸರಾ ಅಂಬಾರಿಯವರೆಗೆ ಎಲ್ಲವೂ ಇವೆ. ಅವುಗಳ ಸಾಲಿನಲ್ಲಿ ಇದನ್ನೂ ಸೇರಿಸಿಕೊಳ್ಳಬಹುದು. ಇದು ನಡೆದ ಕತೆ ಎಂಬುದಷ್ಟೇ ವ್ಯತ್ಯಾಸ.

ಹಸಿವಿನಿಂದ ಕೊಂದ ಮೂರು ಆನೆಗಳು

ಕತೆ ಆರಂಭವಾಗುವುದು 1943ರಲ್ಲಿ. ನಮ್ಮ ಹಿರಿಯರಿಗೆ ಆ ವರ್ಷವನ್ನು ನೆನಪಿಸಬೇಕಾದರೆ ಕಯ್ಯೂರಿನ ನಾಲ್ವರು ತರುಣರನ್ನು ಗಲ್ಲಿಗೇರಿಸಿದ ವರ್ಷ ಎಂದರೆ ಸಾಕು. ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಗಿತ್ತು. ಮಲಬಾರಿನಲ್ಲೂ ದಕ್ಷಿಣ ಕನ್ನಡದಲ್ಲೂ ಅಕ್ಕಿಯ ಅಭಾವ ಕಾಡಿತು. ಬಂಗಾಳದಲ್ಲಂತೂ ಅದೇ ವರ್ಷ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು.

ಆ ವರ್ಷದ ಆಗಸ್ಟ್ ತಿಂಗಳಲ್ಲಿ ಟೋಕಿಯೋ ಮಹಾನಗರದ ಗವರ್ನರ್ ಓದಾಚಿ ಶಿಗೆಓ ಎಂಬವರು ಅಲ್ಲಿನ ಉಯೆನೋ ಮೃಗಾಲಯಕ್ಕೆ ಒಂದು ಆಜ್ಞೆ ಕಳುಹಿಸಿದರು. ಅಪಾಯಕಾರಿಯಾದ ಪ್ರಾಣಿಗಳನ್ನೆಲ್ಲ ಕೊಲ್ಲಬೇಕು. ಬಾಂಬು ಬಿದ್ದು ಬೋನು ಒಡೆದರೆ ಸಿಂಹ, ಚಿರತೆ, ಕರಡಿಗಳು ಊರೊಳಗೆ ನುಗ್ಗಬಹುದು ಎಂಬುದು ಕೊಟ್ಟ ಕಾರಣ. ನಿಜಕ್ಕಾದರೆ ಟೋಕಿಯೋದ ಮೇಲೆ ಭಾರೀ ಬಾಂಬು ದಾಳಿ ಆರಂಭವಾದದ್ದು 1944ರ ಕೊನೆಗೆ. ಯುದ್ಧ ಎಷ್ಟು ಬಿಗಡಾಯಿಸಿದೆ, ಇನ್ನೆಂತಹ ತ್ಯಾಗಕ್ಕೆ ಜನ ಸಿದ್ಧರಾಗಬೇಕು ಎಂಬುದನ್ನು ಮನದಟ್ಟು ಮಾಡುವುದೇ ಆ ಆಜ್ಞೆಯ ಒಳಗುಟ್ಟು ಎಂದು ಇತಿಹಾಸಕಾರರು ಬರೆದಿದ್ದಾರೆ. ಜನರನ್ನು ಹೆದರಿಸಲು ಮೂಕಪ್ರಾಣಿಗಳ ಬಲಿ!

ಸಿಂಹ, ಕರಡಿಗಳಿಗೆ ವಿಷ ಹಾಕಿದರು. ಉಳಿದದ್ದು ಮೂರು ಆನೆಗಳು: ಜಾನ್, ಟೊಂಕಿ, ವಾನ್‌ರಿ. ಇವುಗಳಲ್ಲಿ ವಾನ್‌ರಿ 1935ರಲ್ಲಿ ಸಯಾಮ್ ದೇಶದಿಂದ ಸ್ನೇಹದ ಕಾಣಿಕೆಯಾಗಿ ಬಂದದ್ದು. ವಿಷ ಬೆರೆಸಿದ ಬಟಾಟೆಯನ್ನು ಮುಂದಿಟ್ಟರೆ ಆನೆಗಳು ಒಳ್ಳೆಯದನ್ನು ಮಾತ್ರ ಆರಿಸಿ ತಿಂದು ವಿಷದ್ದನ್ನು ಬದಿಗೆ ಸರಿಸಿದವು. ಕೊನೆಗೆ ಅನ್ನ ನೀರು ನಿಲ್ಲಿಸಲಾಯಿತು. ಆಗಸ್ಟ್ 29ರಂದು ಜಾನ್ ಸತ್ತಿತು. ಮತ್ತೆರಡನ್ನು ಸೆಂದಾಯಿ ಊರಿನ ಮೃಗಾಲಯಕ್ಕೆ ಸಾಗಿಸಿ ಬದುಕಿಸುವ ಪ್ರಯತ್ನ ನಡೆಯಿತಾದರೂ ಗವರ್ನರರು ಒಪ್ಪಲಿಲ್ಲ.

ಸೆಪ್ಟೆಂಬರ್ 4ರಂದು ಮೃಗಾಲಯದಲ್ಲಿ ಭಿಕ್ಷುಗಳನ್ನು ಕರೆಸಿ, ಶಾಲಾಮಕ್ಕಳನ್ನು ಕೂರಿಸಿ, ಸತ್ತ ಪ್ರಾಣಿಗಳಿಗಾಗಿ ಪ್ರಾರ್ಥನೆ ನಡೆಸಿದರು. ಆ ಹೊತ್ತಿಗೆ ವಾನ್‌ರಿ ಮತ್ತು ಟೊಂಕಿ ಇನ್ನೂ ಜೀವಂತವಾಗಿದ್ದವು. ಪರದೆಯ ಹಿಂದೆ, ಆಹಾರವಿಲ್ಲದೆ ನಿಂತಿದ್ದವು. ಬದುಕಿರುವವರಿಗೆ ಉತ್ತರಕ್ರಿಯೆ ಮಾಡಿದ ಹಾಗಾಯಿತು. ವಾನ್‌ರಿ ಸೆಪ್ಟೆಂಬರ್ 11ಕ್ಕೆ, ಟೊಂಕಿ 23ಕ್ಕೆ ಸತ್ತವು. ಮೃಗಾಲಯದವರು ಹತ್ತಿರ ಬಂದಾಗಲೆಲ್ಲ ಟೊಂಕಿ ತಾನು ಕಲಿತಿದ್ದ ಆಟಗಳನ್ನು ಮಾಡಿ ತೋರಿಸುತ್ತಿತ್ತಂತೆ. ಆಟ ತೋರಿಸಿದರೆ ತಿನ್ನಲು ಸಿಗುತ್ತದೆ ಎಂಬುದು ಅದರ ಅಭ್ಯಾಸ. ಈ ಘಟನೆಯನ್ನು ಆಧರಿಸಿ 1951ರಲ್ಲಿ ತ್ಸುಚಿಯಾ ಯುಕಿಓ ಬರೆದ ಮಕ್ಕಳ ಪುಸ್ತಕವನ್ನು ಓದದೆ ಬೆಳೆದ ಜಪಾನಿ ಮಗು ಅಪರೂಪ.

ಮಕ್ಕಳ ಅರ್ಜಿ

ಯುದ್ಧ ಮುಗಿದಾಗ ಟೋಕಿಯೋದಲ್ಲಿ ಮನೆಗಳಿಗಿಂತ ಬೂದಿಯೇ ಹೆಚ್ಚು. ಹಿರೋಶಿಮಾ, ನಾಗಾಸಾಕಿಗಳ ವಿಷಯ ಹೇಳಬೇಕಾಗಿಲ್ಲ. ದೇಶ ಅಮೆರಿಕದ ಸೈನ್ಯದ ಹಿಡಿತದಲ್ಲಿತ್ತು. ಅನ್ನಕ್ಕೆ ರೇಶನ್, ಅದೂ ಸಿಕ್ಕಿದರೆ ಸಿಕ್ಕಿತು. ಹಾಗಿದ್ದ ಊರಿನ ಮಕ್ಕಳು ಕೇಳಿದ್ದೇನು? ಆನೆ.

ದೊಡ್ಡವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಮಕ್ಕಳಿರುವ ಮನೆಯವರಿಗೆ ಇದು ಅರ್ಥವಾಗುತ್ತದೆ. ಹೊಟ್ಟೆ ಹಸಿದ ಮಗು ಆಟದ ಸಾಮಾನು ಕೇಳುವುದಿಲ್ಲವೆಂದು ಯಾರು ಹೇಳಿದರು?

ಇಡೀ ಜಪಾನಿನಲ್ಲಿ ಆಗ ಉಳಿದಿದ್ದ ಆನೆಗಳು ಎರಡೇ. ಅವು ನಗೋಯಾ ಊರಿನ ಹಿಗಾಶಿಯಾಮ ಮೃಗಾಲಯದಲ್ಲಿದ್ದವು. ಅಲ್ಲಿನವರು ಹೇಗೋ ಕಾಪಾಡಿಕೊಂಡಿದ್ದರು. ಉಯೆನೋ ಇರುವ ತೈತೋ ವಾರ್ಡಿನ ಮಕ್ಕಳು ತಮ್ಮದೇ ಒಂದು ಪರಿಷತ್ತು ಮಾಡಿಕೊಂಡು, ನಗೋಯಾದ ಒಂದು ಆನೆಯನ್ನು ನಮಗೆ ಕೊಡಿ ಎಂದು ಕೇಳಿದರು. ಒಂದನ್ನು ಬೇರೆ ಮಾಡಲು ಹೊರಟರೆ ಎರಡೂ ಕೂಗಾಡಿ ಗೋಡೆಗೆ ಹಾಯುತ್ತಿದ್ದವು, ನಗೋಯಾದವರು ಆಗದೆಂದರು. ಅದರ ಬದಲು, ಬೇರೆ ಊರುಗಳ ಮಕ್ಕಳು ಬಂದು ನೋಡಿ ಹೋಗಲೆಂದು 1949ರಲ್ಲಿ 'ಆನೆ ರೈಲು' ಎಂಬ ವಿಶೇಷ ರೈಲುಗಳನ್ನೇ ಓಡಿಸಲಾಯಿತು. ಸಂಸತ್ತಿನ ಮೇಲ್ಮನೆಗೂ ಮಕ್ಕಳ ಅರ್ಜಿ ಹೋಯಿತು. ಅರ್ಜಿ ಹಿಡಿದು ಹೋದವರು ಏಳನೆಯ ತರಗತಿಯ ಇಬ್ಬರು ಮಕ್ಕಳು.

ಆಗಲೇ ಯಾರಿಗೋ ಹೊಳೆದದ್ದು: ಆನೆ ಬೇಕಾದರೆ ಆನೆಯ ನಾಡನ್ನೇ ಕೇಳಬಾರದೇಕೆ? ನೂರಾರು ಮಕ್ಕಳು ಭಾರತದ ಪ್ರಧಾನಿಗೆ ಪತ್ರ ಬರೆದರು, ಚಿತ್ರ ಬಿಡಿಸಿದರು. ಕಲ್ಕತ್ತೆಯ ಹಿಮಾಂಶು ನಿಯೋಗಿ ಎಂಬ ವ್ಯಾಪಾರಿ ಆ ಕಟ್ಟನ್ನು ತಂದು ಜವಾಹರಲಾಲ್ ನೆಹರೂ ಅವರಿಗೆ ಮುಟ್ಟಿಸಿದರು.

ಇಲ್ಲಿ ಒಂದು ವಿಷಯ ನೆನಪಿಡಬೇಕು. ಜಪಾನು ನಮಗೆ ಶತ್ರು ದೇಶವಾಗಿತ್ತು. ಬ್ರಿಟಿಷರ ಅಡಿಯಲ್ಲಿದ್ದ ಭಾರತವೂ ಅದರ ಮೇಲೆ ಯುದ್ಧ ಘೋಷಿಸಿತ್ತು. 1942ರ ಏಪ್ರಿಲಿನಲ್ಲಿ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದು, ನಮ್ಮ ರಾಜಧಾನಿಯಾಗಿದ್ದ ಮದರಾಸಿನ ಜನ ಗಂಟು ಮೂಟೆ ಕಟ್ಟಿ ಊರು ಬಿಟ್ಟಿದ್ದರು. ಅಂಡಮಾನ್ ಮೂರು ವರ್ಷಗಳಿಗೂ ಮಿಕ್ಕಿ ಜಪಾನಿನ ವಶದಲ್ಲಿತ್ತು. ಅಲ್ಲಿ ನಡೆದ ಹಿಂಸೆ ಕಡಿಮೆಯದಲ್ಲ. ಇಂಫಾಲ, ಕೊಹಿಮಾಗಳಲ್ಲಿ ನಮ್ಮ ಸಿಪಾಯಿಗಳು ಸಾವಿರಗಟ್ಟಲೆ ಸತ್ತಿದ್ದರು. ಇನ್ನೊಂದು ಬದಿಯಲ್ಲಿ ಸುಭಾಷರ ಆಜಾದ್ ಹಿಂದ್ ಫೌಜಿಗೆ ಅದೇ ಜಪಾನ್ ಆಸರೆ ಕೊಟ್ಟಿತ್ತು. ಹಾಗಾಗಿ ಜಪಾನಿನ ಬಗ್ಗೆ ಭಾರತೀಯರ ಮನಸ್ಸು ಒಂದೇ ಬಗೆಯದಾಗಿರಲಿಲ್ಲ. ನಮ್ಮಲ್ಲೂ ಅಕ್ಕಿಗೆ ಕಂಟ್ರೋಲ್ ಇದ್ದ ಕಾಲ. ಪಂಜಾಬು, ಬಂಗಾಳಗಳಿಂದ ಬಂದ ನಿರಾಶ್ರಿತರಿಗೆ ಸೂರಿರಲಿಲ್ಲ. ಅಂಥ ಹೊತ್ತಿನಲ್ಲಿ ಸೋತ ಶತ್ರುವಿನ ಮಕ್ಕಳಿಗೆ ಆನೆ ಕಳುಹಿಸುವುದೆಂದರೆ ಅದು ಬರಿಯ ವಿನೋದವಲ್ಲ. ವಿದೇಶಾಂಗ ಖಾತೆಯನ್ನೂ ತಾವೇ ವಹಿಸಿಕೊಂಡಿದ್ದ ನೆಹರೂ ಅವರು ಲೆಕ್ಕ ಹಾಕಿಯೇ ಮಾಡಿದ ಕೆಲಸ.

ಮಾವುತರ ಕನ್ನಡ

ಆನೆಯನ್ನು ಮೈಸೂರಿನಿಂದ ಆರಿಸಲಾಯಿತು. ಕಾಡಾನೆಯನ್ನು ಹಿಡಿದು ಪಳಗಿಸಿ, ಮಾತು ಕೇಳುವಂತೆ ಮಾಡುವ ವಿದ್ಯೆಯಲ್ಲಿ ಮೈಸೂರು ಸೀಮೆಗೆ ದೊಡ್ಡ ಹೆಸರು. ಕಾಕನಕೋಟೆಯ ಖೆಡ್ಡಾ ನೋಡಲು ವಿದೇಶದ ರಾಜಕುಮಾರರೂ ಬರುತ್ತಿದ್ದರು. ನೆಹರೂ ತಮ್ಮ ಮಗಳ ಹೆಸರನ್ನೇ ಆನೆಗೆ ಇಟ್ಟರು. ಆನೆಯೊಡನೆ ಜಪಾನಿನ ಮಕ್ಕಳಿಗೆ ಅವರೊಂದು ಪತ್ರವನ್ನೂ ಕಳುಹಿಸಿದರು. ಇದು ತನ್ನ ಕೊಡುಗೆಯಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಟ್ಟದ್ದು ಎಂದು ಅದರಲ್ಲಿ ತಿಳಿಸಿದ್ದರು. ಬಲ್ಲವರ ಪ್ರಕಾರ ಈ ಆನೆಗೆ ಶುಭ ಲಕ್ಷಣಗಳೆಲ್ಲ ಇವೆ ಎಂದೂ ಬರೆದಿದ್ದರು. ಲಕ್ಷಣ ಶಾಸ್ತ್ರದಲ್ಲಿ ನೆಹರೂ ಅವರಿಗೆ ಅಷ್ಟು ನಂಬಿಕೆಯಿತ್ತೇ ಎಂದು ಕೇಳಬೇಡಿ. ಕೊಡುಗೆ ಕೊಡುವಾಗ ಒಳ್ಳೆಯ ಮಾತು ಆಡುವುದು ನಮ್ಮ ಪದ್ಧತಿ.

1949ರ ಸೆಪ್ಟೆಂಬರ್ ಕೊನೆಯ ವಾರ ಹಡಗು ಟೋಕಿಯೋ ತಲಪಿತು. ಆನೆಯನ್ನು ಏರಿಸಿ ಕೊಂಡುಹೋಗುವ ಲಾರಿಯ ಗೊಡವೆಗೆ ಹೋಗದೆ, ಜನಸಂದಣಿ ಕಡಿಮೆಯಿರಲೆಂದು ರಾತ್ರಿ ಹೊತ್ತಿನಲ್ಲಿ ಬಂದರಿನಿಂದ ಮೃಗಾಲಯದವರೆಗೆ ನಡೆಸಿಕೊಂಡೇ ಹೋದರು. ಅಕ್ಟೋಬರ್ 1ರಂದು ಮಕ್ಕಳ ಎದುರಿನಲ್ಲಿ ಹಸ್ತಾಂತರದ ಸಮಾರಂಭ. ಸತ್ಯವನ್ನು ಹೇಳಬೇಕಾದರೆ ಇಂದಿರಾ ಬರುವುದಕ್ಕೆ ಕೆಲವು ವಾರ ಮೊದಲೇ ಸಯಾಮಿನಿಂದ ಒಂದು ಮರಿಯಾನೆ ಬಂದಿತ್ತು. ಅದಕ್ಕೆ ಹಾನಕೊ ಎಂದು ಹೆಸರಿಟ್ಟಿದ್ದರು. ಆದರೆ ಹಾನಕೊ ಇನ್ನೂ ಎಳೆಯದು. ಮಕ್ಕಳು ಕನಸು ಕಂಡದ್ದು ದೊಡ್ಡ ಆನೆಯನ್ನು. ಇಂದಿರಾ ಬಂದ ಮೇಲೆ ಉಯೆನೋದಲ್ಲಿ ನಿಲ್ಲಲು ಜಾಗವಿಲ್ಲದಷ್ಟು ಜನ.

ಈಗ ಒಂದು ಇಕ್ಕಟ್ಟು ಎದುರಾಯಿತು. ಮೃಗಾಲಯದವರು ಜಪಾನಿ ಭಾಷೆಯಲ್ಲಿ ಏನು ಹೇಳಿದರೂ ಆನೆ ಅಲುಗಾಡದು. ಅದಕ್ಕೆ ಗೊತ್ತಿದ್ದದ್ದು ಅದರ ಮಾವುತರ ಮಾತು. ಮೈಸೂರಿನ ಮಾವುತರ ಮಾತಿನಲ್ಲಿ ಉರ್ದುವಿನ ಪದಗಳೂ ಬೆರೆತಿರುತ್ತವೆ ಎನ್ನುವುದು ಬೇರೆ ವಿಷಯ. ಕಾಡಿನ ಮಾತಿಗೆ ವ್ಯಾಕರಣದ ಮಡಿಯಿಲ್ಲ. ಆನೆಗೆ ಹೊಸ ಭಾಷೆ ಕಲಿಸುವ ಬದಲು ಮೃಗಾಲಯದವರೇ ಕಲಿಯಲು ಕುಳಿತರು. ಜೊತೆಗೆ ಬಂದಿದ್ದ ಇಬ್ಬರು ಮಾವುತರು ಕೆಲಕಾಲ ಅಲ್ಲೇ ಉಳಿದು, ನಿಲ್ಲು, ನಡೆ, ಕಾಲೆತ್ತು ಎನ್ನುವಂಥ ಮಾತುಗಳನ್ನು ಅವರಿಗೆ ಹೇಳಿಕೊಟ್ಟರು. ಅಮೆರಿಕದ ಸೈನ್ಯ ತುಂಬಿದ್ದ, ಎಲ್ಲರೂ ಇಂಗ್ಲಿಷ್ ಕಲಿಯಲು ಹೆಣಗುತ್ತಿದ್ದ ಟೋಕಿಯೋ ನಗರದಲ್ಲಿ ಕೆಲವರು ಕನ್ನಡದ ಪಾಠ ಹೇಳಿಸಿಕೊಳ್ಳುತ್ತಿದ್ದರು!

ಪುತ್ತಿಗೆಯ ಒಂದು ಮನೆಯ ಜಗಲಿಯಲ್ಲಿ ಈ ಸಂಗತಿ ಹೇಳಿದಾಗ ಅಲ್ಲಿದ್ದ ಶಾಲೆಯ ಹುಡುಗನೊಬ್ಬ ತಟ್ಟನೆ ಕೇಳಿದ: "ಅಜ್ಜ, ಹಾಗಾದರೆ ಆನೆಗೆ ಕನ್ನಡ ಟೀಚರ್ ಸಿಕ್ಕಿದರು, ಅಲ್ವಾ?" ಎಲ್ಲರೂ ನಕ್ಕರು. ಅಜ್ಜ ಮಾತ್ರ ನಗಲಿಲ್ಲ. "ಟೀಚರ್ ಅಲ್ಲ ಮಗಾ, ಅಲ್ಲಿ ಟೀಚರುಗಳೇ ಆನೆಯ ಮಾತು ಕಲಿತದ್ದು" ಎಂದರು.

ಹುಡುಗ ಹಾಗೆ ಕೇಳಲು ಕಾರಣವಿಲ್ಲದಿಲ್ಲ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಓದಲು ಬರೆಯಲು ಬಾರದ ಅಧ್ಯಾಪಕರು ನೇಮಕವಾಗಿ ಬಂದದ್ದೂ, ಮಕ್ಕಳೂ ಹೆತ್ತವರೂ ಶಾಲೆಯ ಗೇಟಿನಲ್ಲಿ ನಿಂತು ಪ್ರತಿಭಟಿಸಿದ್ದೂ ಈ ಪತ್ರಿಕೆಯ ವಾಚಕರಿಗೆ ಹೊಸ ಸುದ್ದಿಯಲ್ಲ. ಬಂದ ಅಧ್ಯಾಪಕರ ತಪ್ಪು ಅದರಲ್ಲಿ ಅಷ್ಟಿಲ್ಲ. ಕೆಲಸಕ್ಕೆ ಕಳುಹಿಸಿದ ಕಡೆಗೆ ಅವರು ಬಂದಿರುತ್ತಾರೆ. ಆದರೆ ಮಾತು ತಿಳಿಯದವರ ಎದುರು ಕುಳಿತ ಮಗುವಿನ ಪಾಡು ಏನೆಂಬುದನ್ನು ಉಯೆನೋದವರು ಆನೆಯ ವಿಷಯದಲ್ಲಿ ಒಂದೇ ದಿನದಲ್ಲಿ ಅರಿತುಕೊಂಡರು.

ಬಗೆಹರಿಯದ ಲೆಕ್ಕ

ಆನೆಯ ಸುದ್ದಿ ಹೇಳುವಾಗ ಅದರ ಹಿಂದೆ ಮುಂದೆ ನಡೆದ ರಾಜತಾಂತ್ರಿಕ ವ್ಯವಹಾರವನ್ನು ಬಿಟ್ಟರೆ ಚಿತ್ರ ಪೂರ್ಣವಾಗದು. ಅದರಲ್ಲಿ ನಮ್ಮ ಕಡೆಯ ಕೆಲವರ ಹೆಸರೂ ಬರುತ್ತದೆ.

ಯುದ್ಧ ಮುಗಿದ ಕೂಡಲೇ ಜಪಾನನ್ನು ಕಾಯಲು ಹೋದ ಬ್ರಿಟಿಷ್ ಕಾಮನ್‌ವೆಲ್ತ್ ಪಡೆಯಲ್ಲಿ ಭಾರತೀಯ ಬ್ರಿಗೇಡ್ ಒಂದಿತ್ತು. ಅದನ್ನು ಮುನ್ನಡೆಸಿದವರಲ್ಲಿ ಕೊಡಗಿನ ಕೆ. ಎಸ್. ತಿಮ್ಮಯ್ಯ ಒಬ್ಬರು. 1953-54ರಲ್ಲಿ ಕೊರಿಯಾ ಯುದ್ಧದ ಕೈದಿಗಳನ್ನು ಅವರವರ ಇಚ್ಛೆಯಂತೆ ಕಳುಹಿಸಿಕೊಡುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಇವರೇ ಹೋದರು. ಟೋಕಿಯೋದಲ್ಲಿ 1947-48ರಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಬೆನಗಲ್ ರಾಮರಾವ್. ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರರಾದವರೂ ಇವರೇ. ಇವರ ಅಣ್ಣ ಬೆನಗಲ್ ನರಸಿಂಗ ರಾವ್. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದು, 1950ರ ಜೂನಿನಲ್ಲಿ ಕೊರಿಯಾ ಯುದ್ಧ ಸಿಡಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು. ತಮ್ಮ ಬಿ. ಶಿವರಾವ್ ಪತ್ರಕರ್ತರು, 1952ರ ಚುನಾವಣೆಯಲ್ಲಿ ದಕ್ಷಿಣ ಕನ್ನಡದ ದಕ್ಷಿಣ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಬಂದರು. ಕಾಸರಗೋಡು ತಾಲೂಕು 1956ರ ನವಂಬರ್ 1ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದದ್ದರಿಂದ ಇವರನ್ನು ನಮ್ಮ ಜಿಲ್ಲೆಯವರೆಂದು ಆಗ ಪುತ್ತಿಗೆಯವರೂ ಹೇಳಿಕೊಳ್ಳಬಹುದಿತ್ತು.

1951ರ ಮಾರ್ಚಿನಲ್ಲಿ ದೆಹಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಕೂಟ ನಡೆಯಿತು. 1948ರ ಲಂಡನ್ ಒಲಿಂಪಿಕ್ಸಿಗೆ ಜಪಾನನ್ನು ಕರೆದಿರಲಿಲ್ಲ. ದೆಹಲಿ ಕರೆಯಿತು. ಜಪಾನಿನವರು ಬಂದು ಅತಿ ಹೆಚ್ಚು ಪದಕಗಳನ್ನೂ ಹೊತ್ತುಕೊಂಡು ಹೋದರು!

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕವು ಸಾನ್‌ಫ್ರಾನ್ಸಿಸ್ಕೋದಲ್ಲಿ ಶಾಂತಿ ಒಪ್ಪಂದದ ಸಭೆ ಕರೆಯಿತು. ಭಾರತ ಹೋಗಲಿಲ್ಲ. ಒಪ್ಪಂದವೆಂಬ ಹೆಸರಿನಲ್ಲಿ ಜಪಾನಿನ ನೆಲದಲ್ಲಿ ವಿದೇಶಿ ಸೈನ್ಯ ಉಳಿಯುವುದು, ಅದರ ದ್ವೀಪಗಳು ಬೇರೆಯವರ ಆಡಳಿತದಲ್ಲಿರುವುದು, ಇವು ಸಮಾನರ ನಡುವಣ ಸಂಧಿಯ ಲಕ್ಷಣವಲ್ಲ ಎಂಬುದು ಭಾರತದ ವಾದ. ಸಿಲೋನಿನ ಪ್ರತಿನಿಧಿ ಜೆ. ಆರ್. ಜಯವರ್ಧನೆ ಮಾತ್ರ ಆ ಸಭೆಗೆ ಹೋಗಿ, ಬುದ್ಧನ ಮಾತನ್ನು ನೆನಪಿಸಿ, ನಮಗೆ ಪರಿಹಾರ ಬೇಡ ಎಂದರು. ದಾರಿ ಬೇರೆಯಾದರೂ ಎರಡು ನೆರೆಹೊರೆ ದೇಶಗಳು ಸೇರಿದ್ದು ಒಂದೇ ಕಡೆಗೆ. 1952ರ ಜೂನ್ 9ರಂದು ಟೋಕಿಯೋದಲ್ಲಿ ಭಾರತ ಪ್ರತ್ಯೇಕವಾಗಿ ಶಾಂತಿ ಒಪ್ಪಂದ ಮಾಡಿಕೊಂಡಿತು. ನಮ್ಮ ಪರವಾಗಿ ರಾಯಭಾರಿ ಕೆ. ಕೆ. ಚೆಟ್ಟೂರ್, ಅವರ ಪರವಾಗಿ ವಿದೇಶ ಮಂತ್ರಿ ಓಕಾಜಾಕಿ ಕತ್ಸುಓ ಸಹಿ ಹಾಕಿದರು. ಯುದ್ಧ ಪರಿಹಾರದ ಹಕ್ಕನ್ನೆಲ್ಲ ಭಾರತ ಬಿಟ್ಟುಕೊಟ್ಟಿತು. ಇಲ್ಲಿ ಹಿಡಿದಿಟ್ಟಿದ್ದ ಜಪಾನೀಯರ ಆಸ್ತಿಯನ್ನೂ ಹಿಂದಿರುಗಿಸಲು ಒಪ್ಪಿತು.

ಬಿಟ್ಟುಕೊಟ್ಟದ್ದು ಸರಿಯೇ? ಬರ್ಮಾ 1954ರ ಒಪ್ಪಂದದಂತೆ 20 ಕೋಟಿ ಡಾಲರ್, ಫಿಲಿಪೈನ್ಸ್ 1956ರಲ್ಲಿ 55 ಕೋಟಿ ಡಾಲರ್, ಇಂಡೋನೇಶಿಯಾ 1958ರಲ್ಲಿ 22 ಕೋಟಿಗೂ ಮಿಕ್ಕಿ ಡಾಲರ್ ಪರಿಹಾರಕ್ಕೆ ಒಪ್ಪಿಸಿಕೊಂಡವು. ಆ ದೇಶಗಳು ಅನುಭವಿಸಿದ ನಾಶ ನಮ್ಮದಕ್ಕಿಂತ ಎಷ್ಟೋ ಪಾಲು ಹೆಚ್ಚು ಎಂಬುದು ನಿಜ. ಅವರು ಕೇಳಿದ್ದು ನ್ಯಾಯವೇ. ಆದರೆ ನಮ್ಮಲ್ಲೂ ಹಸಿವಿತ್ತು. 1951ರಲ್ಲಿ ಗೋಧಿಗಾಗಿ ಅಮೆರಿಕದಿಂದ 19 ಕೋಟಿ ಡಾಲರ್ ಸಾಲ ಎತ್ತಿದ ದೇಶ ಮರುವರ್ಷವೇ ಬರಬಹುದಾಗಿದ್ದ ಹಣವನ್ನು ಬೇಡವೆಂದಿತು. ಅಂಡಮಾನಿನಲ್ಲಿ ಮನೆಯವರನ್ನು ಕಳೆದುಕೊಂಡವರನ್ನು ಕೇಳಿ ಮಾಡಿದ ತೀರ್ಮಾನವೇ ಅದು? ಕೊಡುಗೈ ದೊಡ್ಡದೆಂದು ಹೊಗಳುವಾಗ, ಯಾರ ಪಾಲಿನದನ್ನು ಕೊಟ್ಟೆವೆಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಮೊದಲ ಮಹಾಯುದ್ಧದ ನಂತರ ಜರ್ಮನಿಯನ್ನು ಪರಿಹಾರದ ಹೆಸರಿನಲ್ಲಿ ಹಿಂಡಿದ್ದರ ಫಲ ಏನಾಯಿತೆಂದು ಕಂಡ ಮೇಲೆ ಭಾರತ ಮಾಡಿದ್ದು ವಿವೇಕದ ಕೆಲಸವೇ. ಆದರೆ ಅಂಡಮಾನಿನವರ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಜರ್ಮನಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಯುದ್ಧದಲ್ಲಿ ಬಹುತೇಕ ನೆಲಸಮವಾಗಿದ್ದ ಬರ್ಲಿನ್ನಿನ ಮೃಗಾಲಯಕ್ಕೂ 1951ರಲ್ಲಿ ನೆಹರೂ ಒಂದು ಆನೆ ಕಳುಹಿಸಿದರು. ಅದರ ಹೆಸರು ಶಾಂತಿ.

ಮೂವತ್ತನಾಲ್ಕು ವರ್ಷ

1950ರಲ್ಲಿ ಇಂದಿರಾ ಉತ್ತರ ಜಪಾನಿನ ಊರೂರು ಸುತ್ತಿತು. ಟೋಕಿಯೋಗೆ ಬರಲಾಗದ ಮಕ್ಕಳೂ ನೋಡಲಿ ಎಂದು ಸಂಚಾರಿ ಮೃಗಾಲಯ ಹೊರಟಿತ್ತು. 1957ರ ಅಕ್ಟೋಬರಿನಲ್ಲಿ ನೆಹರೂ ಜಪಾನಿಗೆ ಹೋದಾಗ ಮಗಳು ಇಂದಿರಾ ಗಾಂಧಿಯೂ ಜೊತೆಯಲ್ಲಿದ್ದರು. ಉಯೆನೋದಲ್ಲಿ ಇಬ್ಬರು ಇಂದಿರೆಯರ ಭೇಟಿಯಾಯಿತು.

ಮಂತ್ರಿಗಳು ಬಂದರು, ಹೋದರು. ದಿನವೂ ಆನೆಯ ಜೊತೆಗಿದ್ದವರು ಅದನ್ನು ಸಾಕುವವರು. 1967ರಲ್ಲಿ ಜಂಬೋ ಎಂಬ ಇನ್ನೊಂದು ಆನೆಯ ಜೊತೆಗಿನ ಜಗಳದಲ್ಲಿ ಇಂದಿರಾ ಕಂದಕಕ್ಕೆ ಬಿದ್ದು, ಜನರಿರುವ ಬದಿಗೆ ಬಂದುಬಿಟ್ಟಿತು. ಯಾರು ಕರೆದರೂ ಹಿಂದಕ್ಕೆ ಹೋಗಲೊಲ್ಲದು. ಬಹುಕಾಲದಿಂದ ಅದನ್ನು ನೋಡಿಕೊಂಡಿದ್ದವರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಅವರನ್ನೇ ಕರೆತಂದರು. ಅವರು ಬಂದು ಮೈ ತಟ್ಟಿ ಕರೆದರು. ಆನೆ ಅವರ ಹಿಂದೆ ಹೊರಟಿತು. ಅವರು ಅದಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಪುತ್ತಿಗೆಯ ಅದೇ ಜಗಲಿಯಲ್ಲಿ, ಇಷ್ಟನ್ನೂ ಕೇಳಿದ ಅಜ್ಜಿಯೊಬ್ಬರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ಅದೆಲ್ಲ ಸರಿ ಅಣ್ಣ. ಬೈನೆಸೊಪ್ಪು ತಿಂದು, ಹೊಳೆಯಲ್ಲಿ ಮಿಂದು ಬೆಳೆದ ಪ್ರಾಣಿ. ಆ ಚಳಿಗೆ, ಆ ಸಿಮೆಂಟಿನ ಮೇಲೆ, ಅಷ್ಟು ವರ್ಷ... ಅದನ್ನು ಯಾರಾದರೂ ಕೇಳಿದರೇ?" ಯಾರೂ ಕೇಳಲಿಲ್ಲ. ಆನೆ ಹಿಂಡಿನಲ್ಲಿ ಬಾಳುವ ಪ್ರಾಣಿ. ಅಮ್ಮ, ಚಿಕ್ಕಮ್ಮ, ಅಜ್ಜಿಯರ ನಡುವೆಯೇ ಹೆಣ್ಣಾನೆಯ ಆಯುಷ್ಯ ಕಳೆಯುತ್ತದೆ. ಎರಡು ದೇಶಗಳ ಸ್ನೇಹದ ಭಾರವನ್ನು ಹೊತ್ತದ್ದು ಅದರ ಬೆನ್ನು. ಮಕ್ಕಳ ಸಂತೋಷ ಸುಳ್ಳಲ್ಲ. ಅಜ್ಜಿಯ ಪ್ರಶ್ನೆಯೂ ಸುಳ್ಳಲ್ಲ. 1961ರಲ್ಲಿ ಇದೇ ರೀತಿ ಭಾರತದ ಮಕ್ಕಳ ಕೊಡುಗೆಯಾಗಿ ವಾಷಿಂಗ್ಟನ್ನಿಗೆ ಹೋದ ಅಂಬಿಕಾ ಎಂಬ ಆನೆ ಕೊಡಗಿನ ಕಾಡಿನದು. ಅದು 2020ರವರೆಗೆ ಅಲ್ಲೇ ಬದುಕಿತ್ತು.

1972ರ ಅಕ್ಟೋಬರಿನಲ್ಲಿ ಚೀನಾ ದೇಶವು ಉಯೆನೋಗೆ ಎರಡು ಪಾಂಡಾಗಳನ್ನು ಕೊಟ್ಟಿತು. ಜಪಾನ್ ಮತ್ತು ಚೀನಾ ರಾಜತಾಂತ್ರಿಕ ಸಂಬಂಧ ಬೆಳೆಸಿದ ಸಂದರ್ಭ ಅದು. ಸಾಲು ಅತ್ತ ತಿರುಗಿತು. ಮೊದಲು ಆನೆ ನೋಡಲು ಬಂದಿದ್ದ ಮಕ್ಕಳು ತಮ್ಮ ಮಕ್ಕಳನ್ನು ಕರೆದುಕೊಂಡು ಪಾಂಡಾ ನೋಡಲು ಬರುವ ಕಾಲ ಬಂದಿತ್ತು. 1983ರ ಆಗಸ್ಟ್ 11ರಂದು ಇಂದಿರಾ ಸತ್ತಿತು. ಆಗ ನಮ್ಮ ಪ್ರಧಾನಿಯಾಗಿದ್ದವರು ಇಂದಿರಾ ಗಾಂಧಿ. ಮರುವರ್ಷ ಭಾರತದಿಂದ ಮತ್ತೆರಡು ಆನೆಗಳು ಹೋದವು, ಆಶಾ ಮತ್ತು ದಯಾ. ಆ ವರ್ಷವೇ ಅಕ್ಟೋಬರ್ 31ರಂದು ಹೆಸರು ಕೊಟ್ಟವರೂ ಇಲ್ಲವಾದರು.

ಕೊಟ್ಟವರು, ಪಡೆದವರು

ಜಪಾನು ಎದ್ದು ನಿಂತ ಬಗೆಯನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಅದರ ದೊಡ್ಡ ಪಾಲು ಅಲ್ಲಿನ ಜನರ ದುಡಿಮೆ, ಉಳಿದದ್ದು ಅಮೆರಿಕದ ಹಣ ಮತ್ತು ಕೊರಿಯಾ ಯುದ್ಧಕ್ಕೆ ಸಾಮಗ್ರಿ ಒದಗಿಸಿ ಬಂದ ಲಾಭ. ನಮ್ಮ ಆನೆ ಒಂದು ಕಾರ್ಖಾನೆಯನ್ನೂ ಕಟ್ಟಲಿಲ್ಲ. ಆದರೆ 1957ರ ಮೇ ತಿಂಗಳಲ್ಲಿ ಕಿಶಿ ನೊಬುಸುಕೆ ಭಾರತಕ್ಕೆ ಭೇಟಿ ಕೊಟ್ಟ ಮೊದಲ ಜಪಾನಿ ಪ್ರಧಾನಿಯಾದರು. 1958ರಲ್ಲಿ ಜಪಾನು ತನ್ನ ಇತಿಹಾಸದ ಮೊತ್ತಮೊದಲ ಯೆನ್ ಸಾಲವನ್ನು ಕೊಟ್ಟದ್ದು ಭಾರತಕ್ಕೆ. ಮೊತ್ತ 1800 ಕೋಟಿ ಯೆನ್. ಆಗಿನ ಲೆಕ್ಕದಲ್ಲಿ 5 ಕೋಟಿ ಡಾಲರ್. ಬೇಡುವ ಕೈ ಒಂಬತ್ತೇ ವರ್ಷಗಳಲ್ಲಿ ಕೊಡುವ ಕೈಯಾಯಿತು.

ಮುಂದೆ ಯುದ್ಧದಿಂದ ಹಾಳಾದ ಇತರ ದೇಶಗಳಿಗಾಗಿ ದಾನಿಗಳು ಸೇರುವ ಸ್ಥಳವೇ ಟೋಕಿಯೋ ಆಯಿತು. ಅಫಘಾನಿಸ್ತಾನದ ಪುನರ್ನಿರ್ಮಾಣಕ್ಕಾಗಿ 2002ರ ಜನವರಿಯಲ್ಲಿ, ಶ್ರೀಲಂಕೆಗಾಗಿ 2003ರ ಜೂನಿನಲ್ಲಿ ಅಲ್ಲಿ ಸಭೆಗಳು ನಡೆದು, ಪ್ರತಿಯೊಂದರಲ್ಲೂ 450 ಕೋಟಿ ಡಾಲರುಗಳಷ್ಟು ನೆರವಿನ ವಾಗ್ದಾನಗಳು ಬಂದವು. ವಾಗ್ದಾನ ಬೇರೆ, ಹಣ ಕೈಗೆ ಸಿಗುವುದು ಬೇರೆ. ಶ್ರೀಲಂಕೆಯಲ್ಲಿ ಮತ್ತೆ ಯುದ್ಧವೇ ಹತ್ತಿಕೊಂಡಿತು. ಅದು 2009ರಲ್ಲಿ ಮುಗಿದ ಮೇಲೆ ಭಾರತವೂ ಮನೆ ಕಳೆದುಕೊಂಡ ತಮಿಳರಿಗಾಗಿ 50,000 ಮನೆಗಳ ಯೋಜನೆ ಕೈಗೊಂಡಿತು. ಅಫಘಾನಿಸ್ತಾನದಲ್ಲಿ ಭಾರತ ಕಟ್ಟಿಸಿಕೊಟ್ಟ ಸಂಸತ್ ಭವನ 2015ರಲ್ಲಿ, ಸಲ್ಮಾ ಅಣೆಕಟ್ಟು 2016ರಲ್ಲಿ ಉದ್ಘಾಟನೆಗೊಂಡವು. 2021ರಲ್ಲಿ ತಾಲಿಬಾನ್ ಬಂದ ಮೇಲೆ ಆ ಸಂಸತ್ತಿನಲ್ಲಿ ಸಂಸತ್ತೇ ಇಲ್ಲ, ಅಣೆಕಟ್ಟಿನಲ್ಲಿ ನೀರಿದೆ.

ಕೇರಳಕ್ಕೂ ಜಪಾನಿನ ಸಾಲದ ಹಣ ಬಂದಿದೆ. ತಿರುವನಂತಪುರ, ಕೊಲ್ಲಂ ಜಿಲ್ಲೆಯ ಮೀನಾಡ್, ಚೇರ್ತಲ, ಕೋಜಿಕ್ಕೋಡು, ಕಣ್ಣೂರು ಜಿಲ್ಲೆಯ ಪಟ್ಟುವಂ, ಈ ಐದು ಕಡೆಗಳಲ್ಲಿ ದೊಡ್ಡ ಕುಡಿಯುವ ನೀರಿನ ಯೋಜನೆಗಳು ಅದರಿಂದ ಆದವು. ಅಲ್ಲಿನ ಮಲಯಾಳಿಗಳು ಅದನ್ನು 'ಜಪ್ಪಾನ್ ಕುಡಿವೆಳ್ಳಂ' ಎಂದೇ ಕರೆಯುವುದು. ಕಣ್ಣೂರು ಕಡೆ ನೆಂಟರ ಮನೆಗೆ ಹೋದವರು ಈ ಮಾತನ್ನು ಕೇಳಿರಬಹುದು. ಐದರ ಪಟ್ಟಿಯಲ್ಲಿ ಕಾಸರಗೋಡು ಜಿಲ್ಲೆಯ ಹೆಸರು ಇರಲಿಲ್ಲ.